ನಂಗಲಿ ದಾರಿಯ ಬಿಸಿಲು, ಹಳೆ ಕಾರಿನ ಎ.ಸಿ.

ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು ದಾಟಿ ಚಿತ್ತೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಆಂಧ್ರದ ಗಡಿಗೆ ಮುಂಚೆ ಸಿಗುವ ಊರು ನಂಗಲಿ. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಮೂಡಣ ಎಲ್ಲೆ ಎಂದು ಹೇಳುವ ನಂಗಲಿ ಇದೇ. ದಾರಿಯ ಹೆಸರು ಈಗ ರಾಷ್ಟ್ರೀಯ ಹೆದ್ದಾರಿ 75, ಹಳಬರ ಬಾಯಲ್ಲಿ ಇನ್ನೂ ಎನ್‌ಎಚ್ ನಾಲ್ಕು. ತಿರುಪತಿಗೆ ಹೋಗುವ ಸಂಸಾರಗಳು, ಟೊಮೆಟೊ ಹೊತ್ತ ಲಾರಿಗಳು, ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆಯ ಟೆಂಪೊಗಳು, ಎಲ್ಲವೂ ಇಲ್ಲಿ ಹಾದುಹೋಗುತ್ತವೆ. ಇವುಗಳ ನಡುವೆ ಆಗಾಗ ಒಂದು ತಗ್ಗಾದ, ವಯಸ್ಸಾದ, ಚೆನ್ನಾಗಿ ಪಾಲಿಶ್ ಮಾಡಿದ ಕಾರು ಕಾಣಿಸುತ್ತದೆ. 1990ರಲ್ಲಿ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈನಲ್ಲಿ ರೇಸ್ ಟ್ರ್ಯಾಕ್ ತೆರೆದ ಮೇಲೆ ವೇಗದ ಹುಚ್ಚಿನ ಬೆಂಗಳೂರಿಗರಿಗೆ ಈ ದಾರಿ ಇನ್ನಷ್ಟು ಹತ್ತಿರವಾಯಿತು.

ಏಪ್ರಿಲ್, ಮೇ ತಿಂಗಳಲ್ಲಿ ಈ ಕಾರುಗಳ ಒಂದು ಗುಣ ಈ ದಾರಿಯಲ್ಲಿ ಚೆನ್ನಾಗಿ ಬಯಲಾಗುತ್ತದೆ. ಕೋಲಾರ ದಾಟಿ ಎಂಬತ್ತು ತೊಂಬತ್ತರ ವೇಗದಲ್ಲಿ ಓಡುವಾಗ ಎ.ಸಿ. ತಕ್ಕಮಟ್ಟಿಗೆ ತಣ್ಣಗಿರುತ್ತದೆ. ವಡ್ಡಹಳ್ಳಿಯ ಟೊಮೆಟೊ ಮಾರುಕಟ್ಟೆಯ ಮುಂದೆಯೋ ನಂಗಲಿಯ ಗಡಿಯಲ್ಲೋ ಲಾರಿಗಳ ಸಾಲಿನ ಹಿಂದೆ ನಿಂತರೆ ಕೆಲವೇ ನಿಮಿಷದಲ್ಲಿ ಕಿಂಡಿಯಿಂದ ಬರುವ ಗಾಳಿ ಉಗುರುಬೆಚ್ಚಗಾಗುತ್ತದೆ. ಸಾಲು ಕರಗಿ ಕಾರು ಹೊರಟರೆ ಮತ್ತೆ ತಂಪು. ಮಾಲೀಕರ ತೀರ್ಪು ಬಹುತೇಕ ಒಂದೇ: 'ಗ್ಯಾಸ್ ಕಮ್ಮಿಯಾಗಿದೆ, ತುಂಬಿಸಬೇಕು.' ಆ ತೀರ್ಪು ಹೆಚ್ಚಿನ ಸಲ ತಪ್ಪು. ಎ.ಸಿ. ದುರ್ಬಲವಾದಾಗ ಮೊದಲು ಹುಡುಕಬೇಕಾದದ್ದು ಬಿಸಿ ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು. ಗ್ಯಾಸಿನ ಮಾತು ಕೊನೆಯದು. ಈ ಕ್ರಮವನ್ನು ತಿರುಗಿಸಿದ್ದರಿಂದ ಒಳ್ಳೊಳ್ಳೆಯ ಕಾರುಗಳ ಕಂಪ್ರೆಸರ್ ಹಾಳಾಗಿವೆ, ಜೇಬುಗಳೂ ಖಾಲಿಯಾಗಿವೆ.

ನಮ್ಮಲ್ಲಿ 'ಹಳೆ ಸ್ಪೋರ್ಟ್ಸ್ ಕಾರು' ಎಂದರೆ ಏನು ಎಂಬುದನ್ನೂ ಹೇಳಬೇಕು. ಬೆಂಗಳೂರಿನ ಸ್ಯಾನ್ ಸಮೂಹ ಗೋವಾದಲ್ಲಿ ತಯಾರಿಸಿದ ಸ್ಯಾನ್ ಸ್ಟಾರ್ಮ್, 1990ರ ದಶಕದ ಕೊನೆಯಲ್ಲಿ ಬಂದ ಎರಡೇ ಸೀಟಿನ, ಬಟ್ಟೆಯ ಮಾಡಿನ ಕಾರು. ಅದಕ್ಕಿದ್ದದ್ದು 1149 ಸಿಸಿಯ ರೆನೋ ಎಂಜಿನ್, ಸುಮಾರು 60 ಅಶ್ವಶಕ್ತಿ. ಅಂಥ ನಿಜವಾದ ಎರಡು ಸೀಟಿನ ಕಾರುಗಳು ನಮ್ಮಲ್ಲಿ ಬೆರಳೆಣಿಕೆ. ಆದ್ದರಿಂದ ನಮ್ಮ ಹುಡುಗರು ಸ್ಪೋರ್ಟ್ಸ್ ಕಾರಿನ ಜಾಗದಲ್ಲಿ ಇಟ್ಟುಕೊಂಡದ್ದು ಇಸುಜು ಎಂಜಿನಿನ ಕಾಂಟೆಸ್ಸಾ, ಮಿತ್ಸುಬಿಷಿ ಲ್ಯಾನ್ಸರ್, 1.6ರ ಫೋರ್ಡ್ ಐಕಾನ್, ಹೋಂಡಾ ಸಿಟಿ ವಿಟೆಕ್, ಪಾಲಿಯೊ ಜಿಟಿಎಕ್ಸ್ ಇಂಥವನ್ನು. ಹೊರದೇಶದಿಂದ ತಂದ ಪೋರ್ಶೆ, ಮಾಜ್ದಾಗಳನ್ನು ಜೋಪಾನ ಮಾಡುವ ಕೆಲವರೂ ಇದ್ದಾರೆ. ಈ ಎಲ್ಲ ಕಾರುಗಳಿಗೂ ಎ.ಸಿ. ವಿಷಯದಲ್ಲಿ ತೊಂದರೆ ಸುಮಾರು ಒಂದೇ ಬಗೆಯದು. ಹೆಚ್ಚು ತಗ್ಗಾದಷ್ಟೂ, ಹೆಚ್ಚು ವೇಗದ್ದಾದಷ್ಟೂ ಅದು ಜಾಸ್ತಿ.

ಎ.ಸಿ. ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ. ಕೋಲಾರದ ಬಾವಿಗಳಲ್ಲಿ ಹಿಂದೆ ಕಪಿಲೆ ಹೊಡೆಯುತ್ತಿದ್ದ ಕ್ರಮ ನೆನಪಿದ್ದವರಿಗೆ ಇದು ಸುಲಭವಾಗಿ ಹಿಡಿಸುತ್ತದೆ: ಎತ್ತುಗಳು ಕಂಪ್ರೆಸರ್, ಬಾನಿ ಗ್ಯಾಸು, ಕೆಳಗೆ ನೀರು ತುಂಬಿಕೊಳ್ಳುವ ಜಾಗ ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್, ಮೇಲೆ ನೀರು ಸುರಿದು ಹರಿದುಹೋಗುವ ತೊಟ್ಟಿ ಮುಂದಿನ ಕಂಡೆನ್ಸರ್. ತೊಟ್ಟಿಯಿಂದ ನೀರು ಹರಿದುಹೋಗದೆ ನಿಂತರೆ ಎತ್ತುಗಳನ್ನು ಎಷ್ಟು ಹೊಡೆದರೂ ಗದ್ದೆ ನೆನೆಯುವುದಿಲ್ಲ. ಗಡಿಯ ಸಾಲಿನಲ್ಲಿ ನಿಂತ ಕಾರಿನಲ್ಲಿ ಆಗುವುದು ಅದೇ. ಕಂಡೆನ್ಸರಿನ ಮೇಲೆ ಗಾಳಿ ಹಾಯುತ್ತಿಲ್ಲ, ಬಿಸಿ ಹೊರಹೋಗುತ್ತಿಲ್ಲ, ಆದ್ದರಿಂದ ಒಳಗೆ ತಂಪೂ ಹುಟ್ಟುತ್ತಿಲ್ಲ.

ಸ್ಪೋರ್ಟ್ಸ್ ಕಾರಿನಲ್ಲಿ ಈ ತೊಟ್ಟಿ ಹುಟ್ಟಿನಿಂದಲೇ ಚಿಕ್ಕದು. ಮೂಗು ತಗ್ಗು, ಜಾಲರಿ ಕಿರಿದು. ಗಾಳಿ ಒಳನುಗ್ಗುವ ಜಾಗವನ್ನು ಎಂಜಿನಿನ ರೇಡಿಯೇಟರ್ ಮತ್ತು ಕಂಡೆನ್ಸರ್ ಒಟ್ಟಿಗೆ ಹಂಚಿಕೊಳ್ಳಬೇಕು. ಹಳೆಯ ಕಂಡೆನ್ಸರುಗಳು ಹಾವಿನ ಸುರುಳಿಯಂಥ ಒಂದೇ ಕೊಳವೆಯವು. ಗ್ಯಾಸು ಆ ಉದ್ದದ ಕೊಳವೆಯನ್ನೆಲ್ಲ ಸುತ್ತಿ ಬರಬೇಕು. ಈಗಿನ ಸಮಾನಾಂತರ ಕೊಳವೆಗಳ ಅಲ್ಯೂಮಿನಿಯಂ ಕಂಡೆನ್ಸರುಗಳು ಅಷ್ಟೇ ಅಗಲದಲ್ಲಿ ಹೆಚ್ಚು ಬಿಸಿಯನ್ನು ಬಿಡುತ್ತವೆ. ಹಳೆ ಕಾರಿಗೆ ಒಂದೇ ಒಂದು ಹೊಸ ಭಾಗ ಹಾಕಿಸಲು ಹಣವಿದ್ದರೆ ನಾನು ಹೇಳುವುದು ಇದನ್ನೇ: ಮೂಗಿನಲ್ಲಿ ಹಿಡಿಸುವಷ್ಟು ದೊಡ್ಡದಾದ ಸಮಾನಾಂತರ ಕೊಳವೆಯ ಕಂಡೆನ್ಸರ್, ಅದರ ಜೊತೆಗೆ ಗಟ್ಟಿಯಾದ ಒಂದು ಫ್ಯಾನ್.

ಆದರೆ ಹಣ ಬಿಚ್ಚುವ ಮುಂಚೆ ಮಾಡಬಹುದಾದ ಒಂದು ಪರೀಕ್ಷೆಯಿದೆ, ಅದಕ್ಕೆ ಬೇಕಾದದ್ದು ಒಂದು ಬಕೆಟ್ ನೀರು, ಒಂದು ತೆಳ್ಳನೆಯ ಥರ್ಮಾಮೀಟರ್. ಕಾರನ್ನು ನಿಲ್ಲಿಸಿ, ಎಂಜಿನ್ ಓಡುತ್ತಿರಲಿ. ಎ.ಸಿ. ಪೂರ್ತಿ ಹಾಕಿ, ನಡುವಿನ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿ. ಗಾಳಿ ಬೆಚ್ಚಗಾದ ಮೇಲೆ ಮುಂದಿನ ಜಾಲರಿಯ ಮೂಲಕ ಕಂಡೆನ್ಸರ್ ಮೇಲೆ ನಿಧಾನವಾಗಿ ನೀರು ಹುಯ್ಯಿರಿ. ಕಿಂಡಿಯ ಉಷ್ಣತೆ ಚಟ್ಟನೆ ಐದಾರು ಡಿಗ್ರಿ ಇಳಿದರೆ ಗ್ಯಾಸು, ಕಂಪ್ರೆಸರ್, ವಾಲ್ವು ಎಲ್ಲವೂ ತಮ್ಮ ಕೆಲಸ ಮಾಡುತ್ತಿವೆ ಎಂದು ತಿಳಿಯಬೇಕು. ಕೊರತೆ ಇರುವುದು ಗಾಳಿಗೆ. ಹೊರಗೆ 35 ಡಿಗ್ರಿ ಇರುವಾಗ ಓಡುವ ಕಾರಿನ ಕಿಂಡಿಯಲ್ಲಿ 7ರಿಂದ 10 ಡಿಗ್ರಿ ಸಿಕ್ಕರೆ ಅದು ಆರೋಗ್ಯವಂತ ಎ.ಸಿ. ನಿಂತಾಗ 12, 14ಕ್ಕೆ ಏರಿದರೆ ಬೇಸರ ಪಡಬೇಕಿಲ್ಲ. 20 ದಾಟಿದರೆ ಮಾತ್ರ ಹುಡುಕಾಟ ಬೇಕು.

ಗಾಳಿಯ ಕೊರತೆಗೆ ಕಾರಣಗಳು ಹಲವು, ಅಗ್ಗದವೇ ಹೆಚ್ಚು. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಮಣ್ಣು, ಹುಲ್ಲಿನ ಎಸಳು, ಸತ್ತ ಹುಳ ಒತ್ತೊತ್ತಾಗಿ ಸೇರಿರುತ್ತವೆ. ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ಒಳಗಿನಿಂದ ಹೊರಕ್ಕೆ ಮೆಲ್ಲನೆ ನೀರು ಬಿಟ್ಟು ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಪಂಪು ಹಿಡಿದರೆ ಕಂಡೆನ್ಸರಿನ ತೆಳ್ಳನೆಯ ತಗಡಿನ ಎಲೆಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ. ಇನ್ನೊಂದು, ರೇಡಿಯೇಟರಿನ ಸುತ್ತ ಕಂಪನಿಯವರು ಇಟ್ಟಿದ್ದ ಫೋಮಿನ ಪಟ್ಟಿಗಳು. ಇಪ್ಪತ್ತು ವರ್ಷದಲ್ಲಿ ಅವು ಪುಡಿಯಾಗಿ ಉದುರಿರುತ್ತವೆ. ಆಗ ನಿಂತ ಕಾರಿನಲ್ಲಿ ಫ್ಯಾನ್ ಹಿಂದಕ್ಕೆ ತಳ್ಳಿದ ಬಿಸಿ ಗಾಳಿ ಪಕ್ಕದ ಸಂದಿನಿಂದ ಸುತ್ತಿ ಮತ್ತೆ ಮುಂದಕ್ಕೆ ಬಂದು ಕಂಡೆನ್ಸರನ್ನೇ ಹೊಗುತ್ತದೆ. ಆ ಸಂದುಗಳನ್ನು ಫೋಮಿನಿಂದ ಮುಚ್ಚುವುದು ಒಂದು ಮಧ್ಯಾಹ್ನದ ಕೆಲಸ. ಖರ್ಚಿಗೆ ಹೋಲಿಸಿದರೆ ಇಷ್ಟು ಫಲ ಕೊಡುವ ಕೆಲಸ ಇಡೀ ಎ.ಸಿ. ವಿಷಯದಲ್ಲಿ ಬೇರೆ ಇಲ್ಲ.

ಫ್ಯಾನಿನ ವಿಷಯದಲ್ಲಿ ಎಲ್ಲರೂ ಮರೆಯುವುದು ವೈರನ್ನು. ಫ್ಯಾನ್ ತಿರುಗುತ್ತಿದೆ ಎಂದು ಕಣ್ಣಿಗೆ ಕಂಡರೆ ಸಾಲದು. ಹಳೆ ರಿಲೆ, ತುಕ್ಕು ಹಿಡಿದ ಅರ್ಥ್, ಸಣ್ಣ ವೈರು ಇವುಗಳಿಂದ ಬ್ಯಾಟರಿಯ ಬಳಿ 13.5 ವೋಲ್ಟ್ ಇದ್ದರೂ ಮೋಟರಿನ ಬಳಿ 11 ಮಾತ್ರ ಉಳಿಯಬಹುದು. ವೋಲ್ಟ್ ಇಳಿದಷ್ಟೂ ಫ್ಯಾನಿನ ವೇಗ ಇಳಿಯುತ್ತದೆ, ಗಾಳಿಯೂ ಇಳಿಯುತ್ತದೆ. ಮೋಟರಿನ ಎರಡು ತುದಿಗೆ ಮೀಟರ್ ಹಿಡಿದು ನೋಡುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅವನನ್ನು ಬಿಡಬೇಡಿ. ಫ್ಯಾನನ್ನು ರಿಪೇರಿ ಮಾಡಿ ಹಾಕುವಾಗ ಎರಡು ವೈರು ಅದಲುಬದಲಾಗಿ ಅದು ಉಲ್ಟಾ ತಿರುಗುವುದೂ ಉಂಟು. ಅಂಥ ಕಾರು ಓಡುವಾಗ ಬರುವ ಗಾಳಿಯನ್ನೇ ಫ್ಯಾನ್ ತಡೆಯುತ್ತಿರುತ್ತದೆ.

ರೇಡಿಯೇಟರಿನ ಆರೋಗ್ಯವೂ ಇದೇ ಲೆಕ್ಕಕ್ಕೆ ಸೇರಿದ್ದು. ಕೋಲಾರ ಜಿಲ್ಲೆಯ ಬೋರ್‌ವೆಲ್ ನೀರು ಗಡಸು. ಅದನ್ನೇ ವರ್ಷಾನುಗಟ್ಟಲೆ ರೇಡಿಯೇಟರಿಗೆ ಸುರಿದ ಕಾರುಗಳಲ್ಲಿ ಒಳಗೆ ಸುಣ್ಣದಂಥ ಪದರ ಕಟ್ಟಿ ಎಂಜಿನ್ ಬೇಗ ಕಾಯುತ್ತದೆ. ಕಾದ ಎಂಜಿನ್ನು ಬಾನೆಟ್ಟಿನ ಕೆಳಗಿನ ಪ್ರತಿಯೊಂದನ್ನೂ ಕಾಯಿಸುತ್ತದೆ, ಎ.ಸಿ.ಯ ಕೊಳವೆಗಳನ್ನೂ ಸೇರಿಸಿ. ಡಿಸ್ಟಿಲ್ಡ್ ನೀರು ಬೆರೆಸಿದ ಒಳ್ಳೆಯ ಕೂಲೆಂಟ್ ಹಾಕುವುದು ಎ.ಸಿ.ಗೂ ಮಾಡಿದ ಉಪಕಾರ.

ಈ ದಾರಿಯಲ್ಲಿ ಎ.ಸಿ.ಗೆ ಅತಿ ಕಷ್ಟದ ಜಾಗ ಮರಳಿ ಬರುವಾಗ ಸಿಗುತ್ತದೆ. ಮುಳಬಾಗಿಲಿನ ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರ, ಚಿತ್ತೂರು 300ರ ಆಸುಪಾಸು. ಚಿತ್ತೂರಿನ ಕಾವಿನಿಂದ ಹೊರಟು ಮೊಗಿಲಿ ಘಾಟಿಯನ್ನು ಲಾರಿಗಳ ಹಿಂದೆ ನಿಧಾನವಾಗಿ ಹತ್ತುವಾಗ ಎಂಜಿನಿನ ಮೇಲೆ ಭಾರ ಹೆಚ್ಚು, ಮುಂದಿನಿಂದ ಬರುವ ಗಾಳಿ ಕಡಿಮೆ. ಹಳೆ ಕಾರಿನ ಎ.ಸಿ.ಯನ್ನು ಸರಿಪಡಿಸಿದ ಮೇಲೆ ಅದರ ಪರೀಕ್ಷೆಗೆ ಮೇ ತಿಂಗಳ ಮಧ್ಯಾಹ್ನದ ಈ ಏರು ಸಾಕು. ಬೆಂಗಳೂರಿನ ಸಂಜೆಯಲ್ಲಿ ಒಂದು ಸುತ್ತು ಹೊಡೆದು 'ಸರಿಯಾಯಿತು' ಅನ್ನುವುದು ಪರೀಕ್ಷೆಯಲ್ಲ.

ಗಾಳಿಯ ಕೊರತೆ ನಮ್ಮ ಕಾರುಗಳಿಗೆ ಮಾತ್ರ ಅಂಟಿದ ರೋಗವಲ್ಲ. ಗಾಳಿಯಿಂದ ತಣಿಯುವ ಎಂಜಿನಿನ ಪೋರ್ಶೆ 911, 1964ರಿಂದ 1998ರವರೆಗೆ ತಯಾರಾದದ್ದು, ಎ.ಸಿ. ದೌರ್ಬಲ್ಯಕ್ಕೆ ಲೋಕಪ್ರಸಿದ್ಧ. ಎಂಜಿನ್, ಕಂಪ್ರೆಸರ್ ಹಿಂದೆ, ಕೂಲಿಂಗ್ ಕಾಯಿಲ್ ಮುಂದೆ. 1980ರ ದಶಕದ ಮಾದರಿಗಳಲ್ಲಿ ಒಂದು ಕಂಡೆನ್ಸರ್ ಎಂಜಿನಿನ ಮುಚ್ಚಳಕ್ಕೇ ಅಂಟಿಕೊಂಡಿತ್ತು, ಇನ್ನೊಂದು ಮೂಗಿನ ಅಡಿಯಲ್ಲಿ. ಕಾರು ನಿಂತರೆ ಹಿಂದಿನ ಕಂಡೆನ್ಸರ್ ಕಾದ ಎಂಜಿನಿನ ನೆತ್ತಿಯ ಮೇಲೆ ಕೂತಂತೆ. ಕಾರಿನ ಉದ್ದಕ್ಕೂ ಹೋಗಿ ಮರಳುವ ರಬ್ಬರ್ ಹೋಸುಗಳ ಗೋಡೆಯಿಂದಲೇ ಗ್ಯಾಸು ನಿಧಾನವಾಗಿ ಸೋರಿಹೋಗುತ್ತಿತ್ತು. ಆ ಕಾರನ್ನು ಪ್ರೀತಿಸುವವರು ಹಲವು ವರ್ಷ ತಡಕಾಡಿ ಕಂಡುಕೊಂಡ ದಾರಿಯೂ ನಾವು ಹೇಳುತ್ತಿರುವುದೇ: ಹಿಂದಿನ ಚಕ್ರದ ಮಡ್‌ಗಾರ್ಡಿನ ಒಳಗೆ ಸ್ವಂತ ಫ್ಯಾನ್ ಇರುವ ಇನ್ನೊಂದು ಕಂಡೆನ್ಸರ್, ಒಳಪದರವಿರುವ ಹೊಸ ಹೋಸು, ದೊಡ್ಡ ಕೂಲಿಂಗ್ ಕಾಯಿಲ್. ದೊಡ್ಡ ಕಂಪ್ರೆಸರ್ ಹಾಕಿ ಗೆದ್ದವರು ಕಡಿಮೆ.

ಹೊರಹೋಗುವ ಬಿಸಿಯ ಮಾತಾಯಿತು. ಒಳಗೆ ಬರುವ ಬಿಸಿಯನ್ನು ತಡೆಯುವುದು ಇದಕ್ಕಿಂತ ಅಗ್ಗ, ಆದರೂ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಇದರಲ್ಲಿ ಮೊದಲ ಕಳ್ಳ ಹೀಟರ್ ವಾಲ್ವು. ನಮ್ಮ ಕಡೆ ಹೀಟರನ್ನು ಯಾರೂ ಮುಟ್ಟುವುದಿಲ್ಲ. ಹಾಗೆ ಮುಟ್ಟದೆ ಬಿಟ್ಟ ವಾಲ್ವು ಅರ್ಧ ತೆರೆದೇ ಜಾಮ್ ಆಗಿ, ಎಂಜಿನಿನ ಕಾದ ನೀರು ಸದಾ ಹೀಟರ್ ಕಾಯಿಲಿನಲ್ಲಿ ಹರಿಯುತ್ತಿರುತ್ತದೆ. ಕೂಲಿಂಗ್ ಕಾಯಿಲ್ ತಣಿಸಿದ ಗಾಳಿಯನ್ನು ಪಕ್ಕದಲ್ಲೇ ಇರುವ ಅದು ಮತ್ತೆ ಕಾಯಿಸುತ್ತದೆ. ಬಾನೆಟ್ ಎತ್ತಿ, ಹೀಟರಿಗೆ ಹೋಗುವ ಹೋಸನ್ನು ಮೆತ್ತಗೆ ಕ್ಲಾಂಪ್ ಮಾಡಿ ನೋಡಿ. ಕಿಂಡಿಯಲ್ಲಿ ನಾಲ್ಕು ಡಿಗ್ರಿ ಇಳಿದರೆ ಕಳ್ಳ ಸಿಕ್ಕಿಬಿದ್ದ. ಡ್ಯಾಶ್‌ಬೋರ್ಡಿನೊಳಗಿನ ಮುಚ್ಚಳಗಳ ಫೋಮು ಉದುರಿದಾಗಲೂ ಇದೇ ಆಗುತ್ತದೆ: ಬ್ಲೋವರಿನಲ್ಲಿ ಕಪ್ಪು ಪುಡಿ ಹಾರಿಬಂದರೆ ಅದೇ ಗುರುತು. ಹೊರಗಿನ ಗಾಳಿಯ ಮುಚ್ಚಳ ಪೂರ್ತಿ ಮುಚ್ಚಿಕೊಳ್ಳದಿದ್ದರೆ ಒಳಗಿನ ತಂಪು ಗಾಳಿಯನ್ನೇ ಮತ್ತೆ ತಣಿಸುವ ಬದಲು ಎ.ಸಿ. ರಸ್ತೆಯ ಗಾಳಿಯನ್ನೆಲ್ಲ ತಣಿಸಲು ಹೆಣಗುತ್ತದೆ.

ಎರಡನೆಯದು ಗಾಜು. ಸ್ಪೋರ್ಟ್ಸ್ ಕಾರಿನ ಮುಂದಿನ ಗಾಜು ಬಹಳ ವಾಲಿರುತ್ತದೆ. ನಡುಹಗಲಿನ ಸೂರ್ಯನಿಗೆ ಅದು ಹೆಚ್ಚುಕಡಿಮೆ ಮಲಗಿದ ಕಿಟಕಿ. ಸ್ವಚ್ಛ ಆಕಾಶದಲ್ಲಿ ಒಂದು ಚದರ ಮೀಟರಿಗೆ ಸುಮಾರು ಒಂದು ಕಿಲೋವಾಟ್ ಬಿಸಿಲು ಬೀಳುತ್ತದೆ, ಅದರ ದೊಡ್ಡ ಪಾಲು ಈ ಗಾಜಿನಿಂದ ಒಳಗೆ ಬಂದು ಕಪ್ಪು ಡ್ಯಾಶ್‌ಬೋರ್ಡಿನಲ್ಲಿ ಇಳಿಯುತ್ತದೆ. ಕಪ್ಪು ಫಿಲ್ಮ್ ಅಂಟಿಸೋಣವೆಂದರೆ ಕಾನೂನು ಅಡ್ಡ ಬರುತ್ತದೆ, ಬರಲೂಬೇಕು. ಮೋಟಾರು ವಾಹನಗಳ 1989ರ ನಿಯಮಗಳಲ್ಲಿ 100ನೆಯದು ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದವುಗಳಲ್ಲಿ ಶೇ 50 ಬೆಳಕು ಹಾಯಬೇಕು ಎನ್ನುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮುಗಳನ್ನು ತಡೆದು ಇದನ್ನು ಬಿಗಿಗೊಳಿಸಿತು. ಬೆಳಕನ್ನು ಬಿಟ್ಟು ಶಾಖದ ಕಿರಣವನ್ನು ಮಾತ್ರ ತಡೆಯುವ ಗಾಜು ನಿಮ್ಮ ಮಾದರಿಗೆ ಸಿಕ್ಕರೆ, ಮುಂದಿನ ಗಾಜು ಬದಲಿಸುವ ಸಂದರ್ಭ ಬಂದಾಗ ಅದನ್ನೇ ಹಾಕಿಸುವುದು ಜಾಣತನ. ನಿಲ್ಲಿಸುವಾಗ ಒಳಗೆ ಬೆಳ್ಳಿ ಬಣ್ಣದ ಪರದೆ ಇಡುವುದು ಎಲ್ಲರ ಕೈಯಲ್ಲೂ ಇದೆ. ಹೊರಡುವಾಗ ಒಂದೆರಡು ನಿಮಿಷ ಕಿಟಕಿ ಇಳಿಸಿ ಓಡಿಸಿದರೆ, ಎ.ಸಿ. ಬಹಳ ಹೊತ್ತು ಒದ್ದಾಡಿ ಹೊರಹಾಕಬೇಕಿದ್ದ ಕಾದ ಗಾಳಿ ಬಿಟ್ಟಿಯಾಗಿ ಹೊರಹೋಗುತ್ತದೆ.

ಮೂರನೆಯದು ನೆಲ ಮತ್ತು ಎಂಜಿನ್ ಗೋಡೆ. ಸೈಲೆನ್ಸರ್ ಕೊಳವೆ ಸೀಟಿನ ಕೆಳಗೇ ಹಾಯುವ ಈ ಕಾರುಗಳಲ್ಲಿ ಕಂಪನಿ ಹಾಕಿದ ಶಾಖತಡೆ ತಗಡುಗಳು ತುಕ್ಕು ಹಿಡಿದು ಬಿದ್ದುಹೋಗಿರುತ್ತವೆ, ಗದ್ದಲ ಮಾಡುತ್ತವೆಂದು ಮೆಕ್ಯಾನಿಕ್ಕುಗಳೇ ಕಿತ್ತು ಹಾಕಿರುವುದೂ ಉಂಟು. ಅವನ್ನು ಮತ್ತೆ ಕೂರಿಸಿ, ಕಾರ್ಪೆಟ್ಟಿನ ಕೆಳಗೆ ಅಲ್ಯೂಮಿನಿಯಂ ಹೊದಿಸಿದ ಫೋಮ್ ಹಾಸಿದರೆ ಕಾಲಿನ ಬಳಿಯ ಉರಿ ನಿಲ್ಲುತ್ತದೆ. ಸ್ಯಾನ್ ಸ್ಟಾರ್ಮಿನಂಥ ಬಟ್ಟೆ ಮಾಡಿನ ಕಾರಿಗೆ ಮಾಡಿನ ಒಳಗೂ ಒಂದು ಪದರ ಬೇಕು. ಬಿಸಿ ಎಲ್ಲಿಂದ ಬರುತ್ತದೆಂದು ನೋಡದೆ ತಂಪಿನ ಲೆಕ್ಕ ಹಾಕಲಾಗದು ಎಂಬುದು ಈ ಜಿಲ್ಲೆಗೆ ಹೊಸದಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಾಗ ಬಂಡೆಯ ಶಾಖ 60 ಡಿಗ್ರಿ ಮೀರಿತ್ತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿ ದುಡಿದವರ ಮನೆಗಳಲ್ಲಿ ಬಂಡೆಯ ಆ ಕಾವಿನ ನೆನಪು ಇನ್ನೂ ಆರಿಲ್ಲ.

ಈಗ ಗ್ಯಾಸು. 1990ರ ದಶಕದ ನಡುವಿನವರೆಗೆ ನಮ್ಮ ಕಾರುಗಳಲ್ಲಿದ್ದದ್ದು ಆರ್-12. ಓಜೋನ್ ಪದರವನ್ನು ಅದು ತಿನ್ನುತ್ತದೆ ಎಂಬುದನ್ನು ಮೊಲಿನಾ ಮತ್ತು ರೋಲಂಡ್ 1974ರಲ್ಲಿ ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು, 2008ರ ಆಗಸ್ಟ್ 1ರಿಂದ ಕೆಲವು ಔಷಧಿಗಳ ಬಳಕೆ ಬಿಟ್ಟು ಅದರ ತಯಾರಿಕೆಯನ್ನೇ ನಿಲ್ಲಿಸಿತು. ಆದ್ದರಿಂದ ಹಳೆ ಕಾಂಟೆಸ್ಸಾದಂಥ ಕಾರಿಗೆ ಇವತ್ತು ಯಾರಾದರೂ 'ಒರಿಜಿನಲ್ ಆರ್-12' ಕೊಡುತ್ತೇನೆಂದರೆ ನಂಬುವ ಮುಂಚೆ ಯೋಚಿಸಬೇಕು. ಅಂಥ ಕಾರುಗಳಿಗೆ ಉಳಿದಿರುವ ದಾರಿ ಆರ್-134ಎ. ಅದು ಓಜೋನಿಗೆ ತೊಂದರೆ ಕೊಡದು, ಭೂಮಿಯನ್ನು ಮಾತ್ರ ಇಂಗಾಲದ ಡೈಆಕ್ಸೈಡಿನ ಸಾವಿರ ಪಟ್ಟಿಗೂ ಹೆಚ್ಚು ಕಾಯಿಸಬಲ್ಲದು. ಗಾಳಿಗೆ ಸುಮ್ಮನೆ ಬಿಡದೆ ಯಂತ್ರದಿಂದ ಹೀರಿ ತೆಗೆಯುವ ಅಂಗಡಿಯನ್ನೇ ಹುಡುಕುವುದು ನಮ್ಮ ಜವಾಬ್ದಾರಿ.

ಆರ್-12 ಕಾರಿಗೆ ಆರ್-134ಎ ತುಂಬುವುದು ಸಿಲಿಂಡರ್ ಬದಲಿಸುವಷ್ಟು ಸುಲಭವಲ್ಲ. ಹಳೆಯ ಮಿನರಲ್ ಎಣ್ಣೆ ಹೊಸ ಗ್ಯಾಸಿನಲ್ಲಿ ಬೆರೆಯುವುದಿಲ್ಲ, ಕಂಪ್ರೆಸರಿಗೆ ಮರಳಿ ಬರುವುದೂ ಇಲ್ಲ. ಎಣ್ಣೆಯನ್ನು ಪೂರ್ತಿ ತೆಗೆದು ಎಸ್ಟರ್ ಅಥವಾ ಪ್ಯಾಗ್ ಎಣ್ಣೆ ಹಾಕಬೇಕು, ತೇವ ಹೀರುವ ಡ್ರೈಯರ್ ಹೊಸದಾಗಬೇಕು, ಓ-ರಿಂಗುಗಳೆಲ್ಲ ಬದಲಾಗಬೇಕು, ಒಳಪದರವಿಲ್ಲದ ಹಳೆ ಹೋಸುಗಳನ್ನು ಬದಲಿಸಿದರೆ ಮೇಲು. ತೂಕದಲ್ಲಿ ಮೊದಲಿನ ಗ್ಯಾಸಿನ ಶೇ 80ರಿಂದ 90 ಮಾತ್ರ ತುಂಬಬೇಕು. ಬಿಸಿಲಿನಲ್ಲಿ ಆರ್-134ಎ ಹೆಚ್ಚು ಒತ್ತಡಕ್ಕೆ ಏರುವುದರಿಂದ ಕಂಡೆನ್ಸರ್ ದೊಡ್ಡದಿಲ್ಲದೆ ಈ ಬದಲಾವಣೆ ಮಾಡಿಸಿದವರು 'ಮೊದಲಿನ ತಂಪೇ ಚೆನ್ನಾಗಿತ್ತು' ಎನ್ನುತ್ತಾರೆ. ಅವರು ಹೇಳುವುದು ಸರಿ.

ಲ್ಯಾನ್ಸರ್, ವಿಟೆಕ್, ಪಾಲಿಯೊಗಳ ಕಾಲಕ್ಕೆ ಆರ್-134ಎ ಬಂದಿತ್ತು. ಅವುಗಳಿಗೆ ಈ ತಲೆನೋವಿಲ್ಲ. ಅವುಗಳ ತಲೆನೋವು ವರ್ಷವರ್ಷ 'ಟಾಪ್ ಅಪ್'. ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಕಮ್ಮಿಯಾಗಿದೆ ಎಂದರೆ ಸೋರಿದೆ ಎಂದರ್ಥ. ಸೋರುವ ಜಾಗ ಹುಡುಕದೆ ಅಂದಾಜಿನಲ್ಲಿ ತುಂಬಿದಾಗ ಎರಡು ಕೆಡುಕು. ಗ್ಯಾಸಿನ ಜೊತೆ ಹೊರಟುಹೋದ ಎಣ್ಣೆ ಮರಳಿ ಬರುವುದಿಲ್ಲ, ಕಂಪ್ರೆಸರ್ ಒಣಗುತ್ತದೆ. ಇನ್ನೊಂದು, ಅಳತೆ ಮೀರಿ ತುಂಬಿದ ಗ್ಯಾಸು ದ್ರವವಾಗಿ ಕಂಡೆನ್ಸರಿನ ಕೆಳಭಾಗವನ್ನು ತುಂಬಿಕೊಂಡು ಬಿಸಿ ಬಿಡುವ ಜಾಗವನ್ನೇ ಕಡಿಮೆ ಮಾಡುತ್ತದೆ. ನಂಗಲಿಯ ಸಾಲಿನಲ್ಲಿ ನಿಂತಾಗ ಮೊದಲಿಗಿಂತ ಬೇಗ ಬೆಚ್ಚಗಾಗುತ್ತದೆ, ಮಾಲೀಕರು ಮತ್ತೆ ತುಂಬಿಸಲು ಹೋಗುತ್ತಾರೆ.

ಆದ್ದರಿಂದ ಮೆಕ್ಯಾನಿಕ್ಕಿನ ಬಳಿ ಒತ್ತಡ ಅಳೆಯುವ ಎರಡೂ ಗೇಜು ಹಾಕಿಸಿ, ಮುಳ್ಳುಗಳನ್ನು ನೀವೂ ನೋಡಬೇಕು. 35 ಡಿಗ್ರಿ ಹಗಲಿನಲ್ಲಿ ಆರ್-134ಎ ಕಾರಿಗೆ ತಗ್ಗಿನ ಕಡೆ 30, 40 ಪಿಎಸ್‌ಐ, ಹೆಚ್ಚಿನ ಕಡೆ 200ರಿಂದ 250ರ ಸುತ್ತ ಇದ್ದರೆ ನೆಮ್ಮದಿ. ಎರಡೂ ಕಮ್ಮಿಯಿದ್ದರೆ ಗ್ಯಾಸು ಸೋರಿದೆ. ಎರಡೂ ಏರಿದ್ದರೆ ಕಂಡೆನ್ಸರಿಗೆ ಗಾಳಿ ಸಾಲದು, ಅಥವಾ ಗ್ಯಾಸು ಅತಿಯಾಗಿದೆ, ಅಥವಾ ವ್ಯಾಕ್ಯೂಮ್ ಸರಿಯಾಗಿ ಮಾಡದೆ ಒಳಗೆ ಗಾಳಿ ಉಳಿದಿದೆ. ತಗ್ಗಿನ ಕಡೆ ಏರಿ, ಹೆಚ್ಚಿನ ಕಡೆ ಏಳದೇ ಹೋದರೆ ಕಂಪ್ರೆಸರಿಗೆ ವಯಸ್ಸಾಗಿದೆ. ತಗ್ಗಿನ ಮುಳ್ಳು ಸೊನ್ನೆಯ ಹತ್ತಿರ ಕುಸಿದರೆ, ಕೂಲಿಂಗ್ ಕಾಯಿಲಿಗೆ ಗ್ಯಾಸು ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವು ಕಟ್ಟಿಕೊಂಡಿದೆ. ಗೇಜು ಹಾಕದೆ, ಕೊಳವೆ ಮುಟ್ಟಿ ನೋಡಿ ಗ್ಯಾಸ್ ತುಂಬುವ ಅಂಗಡಿಯಿಂದ ಕಾರನ್ನು ವಾಪಸ್ ತನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಬಿಡಿಭಾಗ ಹುಡುಕುವವರಿಗೂ ಒಂದು ಮಾತು: ಹಳೆ ಕಂಪ್ರೆಸರ್ ಕೊಳ್ಳಬಹುದು, ಹಳೆ ಡ್ರೈಯರ್ ಮಾತ್ರ ಬೇಡ. ಬಾಯಿ ತೆರೆದು ಬಿದ್ದಿದ್ದ ಡ್ರೈಯರ್ ಗಾಳಿಯ ತೇವವನ್ನೆಲ್ಲ ಆಗಲೇ ಕುಡಿದು ಮುಗಿಸಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಅಗ್ಗವೆಂದು ಎಲ್‌ಪಿಜಿ ಬೆರೆಸಿದ ಗ್ಯಾಸನ್ನು, ಮನೆಯ ಎ.ಸಿ.ಯ ಆರ್-22 ಅನ್ನು ಕಾರಿಗೆ ತುಂಬುವವರಿದ್ದಾರೆ. ಮೊದಲನೆಯದು ಡ್ಯಾಶ್‌ಬೋರ್ಡಿನೊಳಗೆ ಸೋರಿದರೆ ಒಂದು ಕಿಡಿ ಸಾಕು. ಎರಡನೆಯದರ ಒತ್ತಡವನ್ನು ತಾಳುವಂತೆ ಕಾರಿನ ಕೊಳವೆಗಳನ್ನು ಮಾಡಿಲ್ಲ. ಗುರುತಿಲ್ಲದ ಸಿಲಿಂಡರುಗಳೂ ಅಪಾಯವೇ. 2011ರಲ್ಲಿ ಆರ್-134ಎ ಹೆಸರಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆಸಿದ ನಕಲಿ ಗ್ಯಾಸು ಹಡಗಿನ ಶೀತಲ ಕಂಟೇನರುಗಳಿಗೆ ಸೇರಿ, ಅಲ್ಯೂಮಿನಿಯಮ್ಮಿನ ಜೊತೆ ಕೂಡಿ, ಗಾಳಿ ತಾಗಿದೊಡನೆ ಸಿಡಿಯುವ ವಸ್ತುವಾಗಿ, ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಕೆಲಸಗಾರರು ಸತ್ತರು. ನಮ್ಮ ಕಾರಿನ ಕಂಡೆನ್ಸರೂ ಅಲ್ಯೂಮಿನಿಯಮ್ಮೇ. ಸಿಲಿಂಡರಿನ ಮೇಲಿನ ಮುದ್ರೆ, ಕಂಪನಿಯ ಹೆಸರು ನೋಡಿ ತುಂಬಿಸಿಕೊಳ್ಳುವುದಕ್ಕೆ ಸಂಕೋಚ ಬೇಡ.

ಇಷ್ಟೆಲ್ಲ ಮಾಡಿದ ಮೇಲೂ 60 ಅಶ್ವಶಕ್ತಿಯ ಎಂಜಿನ್ನಿಗೆ ಕಂಪ್ರೆಸರ್ ಭಾರವೇ. ಏರಿನಲ್ಲಿ ಅದು ಮೂರು ನಾಲ್ಕು ಅಶ್ವಶಕ್ತಿಯನ್ನು ತಿನ್ನುತ್ತದೆ, ಕಾಲಿಗೆ ಅದು ಗೊತ್ತಾಗುತ್ತದೆ. ಹೊಸ ಕಾರಿನಂತೆ ಮೇ ತಿಂಗಳಲ್ಲಿ ಶಾಲು ಹೊದೆಯುವಷ್ಟು ಚಳಿ ಹಳೆ ಕಾರಿನಿಂದ ಬರುವುದಿಲ್ಲ. ಮುಖಕ್ಕೆ ತಂಪು, ಬೆವರದ ಬೆನ್ನು, ಗಡಿಯ ಸಾಲಿನಲ್ಲಿ ಕಿಟಕಿ ಇಳಿಸದೆ ಕೂರುವಷ್ಟು ಸಮಾಧಾನ, ಇಷ್ಟನ್ನು ಅದು ಖಂಡಿತ ಕೊಡಬಲ್ಲದು. ಅದಕ್ಕೆ ವರ್ಷವಿಡೀ ಒಂದು ಅಭ್ಯಾಸ ಬೇಕು. ಡಿಸೆಂಬರಿನ ಚಳಿಯಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಬೇಕು. ಕಂಪ್ರೆಸರಿನ ಶಾಫ್ಟಿನ ಸೀಲಿಗೆ ಎಣ್ಣೆ ತಾಗುತ್ತಿರುವುದು ಆಗ ಮಾತ್ರ. ತಿಂಗಳುಗಟ್ಟಲೆ ಹೊದಿಕೆಯಡಿ ನಿಂತ ಕಾರುಗಳಲ್ಲಿ ಆ ಸೀಲು ಒಣಗಿ, ಬೇಸಿಗೆಯ ಮೊದಲ ದಿನವೇ ಗ್ಯಾಸು ಹೊರಟುಹೋಗಿರುತ್ತದೆ.